ವೀಳ್ಯ ಕಾಣದ ವಾದ್ಯ

ನನ್ನ ಮೊಮ್ಮಗಳಿಗೆ ಮೃದಂಗ ಕಲಿಯುವ ಹುಚ್ಚು ಹಿಡಿಯಿತು. ವೀಣೆಯನ್ನೋ ಪಿಟೀಲನ್ನೋ ಕಲಿಯಬಾರದೇ ಎಂದು ಅವಳ ಅಜ್ಜಿ ಒಂದು ವಾರ ಉಪದೇಶ ಮಾಡಿದಳು. ಹೆಣ್ಣುಮಗು ಚರ್ಮವಾದ್ಯವನ್ನು ಬಾರಿಸುವುದೇ ಎಂದು ನೆರೆಮನೆಯ ಹಿರಿಯರೊಬ್ಬರು ಹುಬ್ಬೇರಿಸಿದರು. ಬೆಂಗಳೂರಿನ ಸುಕನ್ಯಾ ರಾಂಗೋಪಾಲ್ ಅವರು ಘಟವಾದನದಲ್ಲಿ ದೇಶವಿದೇಶಗಳಲ್ಲಿ ಹೆಸರಾಗಿರುವುದನ್ನು ನಾನು ಅವರಿಗೆ ನೆನಪು ಮಾಡಿಕೊಟ್ಟೆ. “ಅದು ಮಡಕೆ, ಚರ್ಮವಲ್ಲ” ಎಂದು ಅವರು ಗೆದ್ದುಬಿಟ್ಟರು. ಮಗು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಊಟಕ್ಕೆ ಕುಳಿತರೆ ತಟ್ಟೆ, ಪಾಠಕ್ಕೆ ಕುಳಿತರೆ ಮೇಜು, ಏನೂ ಸಿಕ್ಕದಿದ್ದರೆ ನನ್ನ ಬೆನ್ನು, ಎಲ್ಲವೂ ಅವಳ ಕೈಗೆ ಮೃದಂಗವೇ ಆದವು. ಬೆನ್ನನ್ನು ಉಳಿಸಿಕೊಳ್ಳುವ ಸ್ವಾರ್ಥದಿಂದಲೇ ಎನ್ನಿ, ಒಂದು ದಿನ ಅವಳನ್ನು ಕರೆದುಕೊಂಡು ಮೈಸೂರಿನ ಪೇಟೆಯಲ್ಲಿರುವ ವಾದ್ಯದಂಗಡಿಯೊಂದಕ್ಕೆ ಹೋದೆ.

ಅಂಗಡಿ ಎಂದರೆ ಒಂದು ಕಿರಿದಾದ ಓಣಿ. ಗೋಡೆಯ ತುಂಬ ಗಿಟಾರುಗಳು, ಮೇಲೆ ತಂಬೂರಿಗಳು, ಕೆಳಗೆ ಹಾರ್ಮೋನಿಯಂ ಪೆಟ್ಟಿಗೆಗಳು, ಮೂಲೆಯಲ್ಲಿ ತಬಲ, ಡೋಲಕ್, ಮೃದಂಗ. ನಡುವೆ ಕೆಂಪಕ್ಷರದ ಒಂದು ಫಲಕ: “ದಯವಿಟ್ಟು ವಾದ್ಯಗಳನ್ನು ಮುಟ್ಟಬೇಡಿ.” ಅದರ ಕೆಳಗೆ ಹತ್ತೊಂಬತ್ತು-ಇಪ್ಪತ್ತರ ಒಬ್ಬ ತರುಣ ನಿಂತಿದ್ದ. ಮುಟ್ಟುವುದೇ ಅವನ ಕೆಲಸ. ಬೆಳಿಗ್ಗೆ ಬಂದು ಪ್ರತಿಯೊಂದರ ಧೂಳು ಒರೆಸುವುದು, ಸಡಿಲವಾದ ಬಾರನ್ನು ಬಿಗಿಯುವುದು, ತಂತಿ ಬದಲಾಯಿಸುವುದು, ಗಿರಾಕಿ ಕೇಳಿದಾಗ ತಟ್ಟಿ ತೋರಿಸುವುದು.

ಅವನು ಮೂರು ಮೃದಂಗಗಳನ್ನು ತಂದು ನಮ್ಮ ಮುಂದಿಟ್ಟ. ಮೊದಲನೆಯದನ್ನು ತಟ್ಟಿ, “ಇದು ಬೇಡ ಸಾರ್” ಎಂದ. ಎರಡನೆಯದರ ಅಂಚಿಗೆ ಮರದ ತುಂಡಿಟ್ಟು ಸಣ್ಣ ಕಲ್ಲಿನಿಂದ ನಾಲ್ಕು ಏಟು ಕೊಟ್ಟು, ಕಿವಿಯಿಟ್ಟು ಕೇಳಿ, ಮತ್ತೆರಡು ಏಟು ಕೊಟ್ಟ. ಬಳಿಕ ನುಡಿಸಿದ. ಎರಡೇ ನಿಮಿಷ. ನನ್ನ ಮೊಮ್ಮಗಳು ಬಾಯಿ ತೆರೆದು ನಿಂತಳು. ನಾನು, “ಇನ್ನೂ ಸ್ವಲ್ಪ ಆಗಲಪ್ಪ” ಎಂದೆ. ಹುಡುಗ ನಕ್ಕ.

“ಎರಡು ನಿಮಿಷ ನುಡಿಸಿದ್ರೆ ಗಿರಾಕಿ ವಾದ್ಯ ನೋಡ್ತಾರೆ ಸಾರ್. ಮೂರನೇ ನಿಮಿಷಕ್ಕೆ ನನ್ನ ನೋಡ್ತಾರೆ. ಆಗ ಯಾಪಾರ ಕೆಡ್ತದೆ.”

ಈ ಮಾತಿಗೆ ನಾನು ಸೋತೆ. ಯಾವ ಊರಪ್ಪ ನಿನ್ನದು ಎಂದು ಕೇಳಿದೆ.

“ಹರವೆ ಸಾರ್, ಚಾಮರಾಜನಗರ ತಾಲ್ಲೂಕು. ಹರವೆಯಲ್ಲೇ ಅಲ್ಲ, ಪಕ್ಕದ ಒಂದು ಹಳ್ಳಿ. ನಮ್ಮೂರ ಹೆಸರು ಹೇಳಿದ್ರೆ ಯಾರಿಗೂ ತಿಳಿಯೋದಿಲ್ಲ ಅಂತ ಹೋಬಳಿ ಹೆಸರು ಹೇಳ್ತೀನಿ.”

ನಮ್ಮ ಪೂರ್ವಿಕರೂ ಗುಂಡ್ಲುಪೇಟೆಯ ಕಡೆಯವರೇ ಆದ್ದರಿಂದ ನನಗೆ ಆ ಸೀಮೆಯ ಮೇಲೆ ಮಮತೆ. ಮಾದಪ್ಪನ ದೇವರಗುಡ್ಡರ ಕಂಸಾಳೆ, ಮಂಟೇಸ್ವಾಮಿಯ ನೀಲಗಾರರ ತಂಬೂರಿ, ಕರಡಿಕೂದಲ ಟೋಪಿ ತೊಟ್ಟು ಕುಣಿಯುವ ಗೊರವರ ಡಮರುಗ, ಇವೆಲ್ಲ ಒಂದೇ ನೆಲದಲ್ಲಿ ಮೊಳಗುವ ನಾಡು ಅದು. ಅಂಥ ನಾಡಿನ ಹುಡುಗನ ಕೈಯಲ್ಲಿ ಲಯವಿರುವುದೇನು ಆಶ್ಚರ್ಯ! ಮೃದಂಗವನ್ನು ಕೊಂಡೆವು. ಅಂದಿನಿಂದ ಆ ಅಂಗಡಿಗೆ ನನ್ನ ಹಾದಿ ಬಿದ್ದಿತು.

* * *

ಮೃದಂಗವೆಂಬುದು ಬಹು ಮುಚ್ಚಟೆಯ ವಾದ್ಯ. ಹಲಸಿನ ಮರದ ಒಡಲು. ಅದಕ್ಕೆ ಹಸು, ಆಡು, ಎಮ್ಮೆ ಈ ಮೂರರ ಚರ್ಮವೂ ಬೇಕು. ಎಡಗಡೆಯ ಮುಖಕ್ಕೆ ನುಡಿಸುವ ಮೊದಲು ರವೆಯನ್ನು ಕಲಸಿ ಹಚ್ಚಬೇಕು, ನುಡಿಸಿದ ಬಳಿಕ ತೆಗೆಯಬೇಕು. ಬಲಗಡೆಯ ನಡುವಿನ ಕಪ್ಪು ವೃತ್ತವೇ ಕರಣೆ. ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಅರೆದು, ಪದರದ ಮೇಲೆ ಪದರವಾಗಿ ಮೆತ್ತಿ, ಪ್ರತಿ ಪದರವನ್ನೂ ನುಣುಪಾದ ಕಲ್ಲಿನಿಂದ ತಿಕ್ಕಿ ಒಣಗಿಸುತ್ತಾರೆ. ಇದೆಲ್ಲವನ್ನೂ ನನಗೆ ಹೇಳಿಕೊಟ್ಟವನು ಆ ಹುಡುಗನೇ.

ನಾನೂ ಸುಮ್ಮನಿರದೆ ನನಗೆ ತಿಳಿದದ್ದನ್ನು ಹೇಳಿದೆ. ಬಿಗಿದು ಕಟ್ಟಿದ ಬರಿಯ ಚರ್ಮವನ್ನು ತಟ್ಟಿದರೆ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದರಿಂದಲೇ ಅದು ಸದ್ದು, ನಾದವಲ್ಲ. ನಡುವೆ ಕರಣೆಯ ಭಾರ ಬಿದ್ದಾಗ ಆ ಉಪಸ್ವರಗಳು ತಂತಿವಾದ್ಯದಲ್ಲಿರುವಂತೆ ಒಂದು, ಎರಡು, ಮೂರು ಎಂಬ ಲೆಕ್ಕಕ್ಕೆ ಬಂದು ಕೂಡಿಕೊಳ್ಳುತ್ತವೆ. ಇದನ್ನು ಸರ್ ಸಿ. ವಿ. ರಾಮನ್ನರು ಶಿವಕಾಳಿ ಕುಮಾರ್ ಎಂಬುವರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇದೇ ವಿಷಯವನ್ನು ಕುರಿತು ಮತ್ತೊಂದು ಪ್ರಬಂಧವನ್ನು ಬರೆದರು.

ಹುಡುಗ ಗಮನವಿಟ್ಟು ಕೇಳಿ, “ಕರಣೆ ಕಂಡುಹಿಡಿದೋನ ಹೆಸರು ಅದ್ರಲ್ಲಿ ಐತಾ ಸಾರ್?” ಎಂದ.

ಇಲ್ಲ. ಯಾವ ಪುಸ್ತಕದಲ್ಲಿಯೂ ಇಲ್ಲ. ನೂರಾರು ವರ್ಷಗಳ ಹಿಂದೆ ಚರ್ಮ ಹದಮಾಡುವವನೊಬ್ಬ ಬೆರಳ ತುದಿಯಿಂದ ಕಂಡುಕೊಂಡ ಭೌತಶಾಸ್ತ್ರ ಅದು. ಅವನ ಹೆಸರು ಹೋಯಿತು, ವಂಶದವರ ಹೆಸರೂ ಹೆಚ್ಚು ಉಳಿಯಲಿಲ್ಲ. ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ 1966ರಲ್ಲಿ ಸಂಗೀತ ಕಲಾನಿಧಿ ಬಿರುದು ಬಂದದ್ದನ್ನು ರಸಿಕರು ಬಲ್ಲರು. ಅವರ ಮೃದಂಗಗಳಿಗೆ ಚರ್ಮ ಕಟ್ಟುತ್ತಿದ್ದ ಪರ್ಲಾಂಡು ಎಂಬ ತಂಜಾವೂರಿನ ಕುಶಲಿಯನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು? ಗಾಯಕ ಟಿ. ಎಂ. ಕೃಷ್ಣ ಅವರು 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ ಈ ಕುಶಲಿಗಳ ಮನೆತನಗಳ ಕಥೆಯನ್ನು ಬೆಳಕಿಗೆ ತಂದ ಮೇಲೆಯೇ ನನ್ನಂಥವರಿಗೂ ಅದು ತಿಳಿದದ್ದು.

* * *

ಹುಡುಗನ ತಂದೆ ಊರಿನಲ್ಲಿ ತಮಟೆ ಬಾರಿಸುವವರು. ಇವನು ನಡೆಯುವುದಕ್ಕೆ ಮೊದಲೇ ತಮಟೆಯ ಸದ್ದಿಗೆ ತಲೆದೂಗುತ್ತಿದ್ದನಂತೆ. ಪಿ. ಯು. ಸಿ. ಮುಗಿಸಿ ಮೈಸೂರಿಗೆ ಬಂದ. ಗಿಟಾರು, ಡ್ರಮ್ ಸೆಟ್ಟುಗಳ ನಡುವೆ ಬಿದ್ದು, ಅಂಗಡಿಗೆ ಬರುವ ವಿದ್ವಾಂಸರು ಪರೀಕ್ಷಿಸಿ ನೋಡುವಾಗಲೆಲ್ಲ ಕಿವಿಗೊಟ್ಟು, ಕಂಡ ಕಂಡವರಿಂದ ಕಲಿತ. ರಜೆಯ ದಿನಗಳಲ್ಲಿ ಮದುವೆಯ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸುತ್ತಾನೆ.

ಇಂಥವನಿಗೆ ಮುಂದೇನು ಎಂದು ಸಂದೇಹಪಡುವವರು ಲಂಡನ್ನಿನ ಒಂದು ವೃತ್ತಾಂತವನ್ನು ಕೇಳಬೇಕು. ಜಿಮ್ ಮಾರ್ಷಲ್ ಎಂಬ ಡ್ರಮ್ ಮೇಷ್ಟರು 1960ರ ದಶಕದ ಆರಂಭದಲ್ಲಿ ಅಲ್ಲಿನ ಹ್ಯಾನ್‌ವೆಲ್ ಎಂಬಲ್ಲಿ ವಾದ್ಯದಂಗಡಿ ಇಟ್ಟಿದ್ದರು. ಮಿಚ್ ಮಿಚೆಲ್ ಎಂಬ ಶಾಲಾಬಾಲಕ ಶನಿವಾರಗಳಂದು ಅವರಲ್ಲಿ ಕೆಲಸಕ್ಕೆ ಬರುತ್ತಿದ್ದ. ಆ ಬಾಲಕನೇ 1966ರಲ್ಲಿ ಜಿಮಿ ಹೆಂಡ್ರಿಕ್ಸ್ ಅವರ ತಂಡ ಸೇರಿ ಜಗತ್ಪ್ರಸಿದ್ಧನಾದ. ಗಿರಾಕಿಗಳ ಬೇಡಿಕೆಗೆ ಮಣಿದು ಧ್ವನಿವರ್ಧಕಗಳನ್ನು ತಯಾರಿಸಲು ತೊಡಗಿದ ಮೇಷ್ಟರ ಹೆಸರೂ ಉಳಿಯಿತು. ಈ ಕಥೆ ಹೇಳಿದಾಗ ಹುಡುಗನ ಕಣ್ಣು ಅರಳಿತು. ಆದರೆ ಅವನ ಮನಸ್ಸಿನಲ್ಲಿದ್ದ ತೊಡಕು ಬೇರೆಯೇ ಆಗಿತ್ತು.

ಊರಹಬ್ಬ ಹತ್ತಿರ ಬಂದಿತ್ತು. ತಂದೆಗೆ ತೋಳು ನೋವು. ಈ ವರ್ಷ ನೀನು ಬಂದು ಬಾರಿಸು ಎಂದು ಹೇಳಿಕಳಿಸಿದ್ದರು. ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿದ ಹೊಸ ಬಗೆಯ ತಮಟೆಗಳೂ ಮಾರಾಟಕ್ಕಿದ್ದವು. ಅವಕ್ಕೆ ಮಳೆಯ ಭಯವಿಲ್ಲ, ಬೆಂಕಿಗೆ ಹಿಡಿದು ಕಾಯಿಸುವ ಕೆಲಸವಿಲ್ಲ. ಅಮೆರಿಕದಲ್ಲಿ 1957ರ ಸುಮಾರಿಗೆ ಡ್ರಮ್ಮುಗಳಿಗೆ ಕರುವಿನ ಚರ್ಮದ ಬದಲು ಇಂಥ ಹಾಳೆ ಬಂದಿತು. ಆ ಹಾಳೆಯ ಹೆಸರು ಮೈಲಾರ್! ನಮ್ಮ ಗೊರವರ ದೈವ ಮೈಲಾರನಿಗೂ ಅದಕ್ಕೂ ಯಾವ ನಂಟೂ ಇಲ್ಲವೆನ್ನಿ. ಆದರೂ ಒಬ್ಬ ಮೈಲಾರ ಚರ್ಮದ ಡಮರುಗವನ್ನು ಹಿಡಿಸಿದ, ಇನ್ನೊಬ್ಬ ಮೈಲಾರ್ ಅದನ್ನು ಬಿಡಿಸುತ್ತಿದ್ದಾನೆ.

“ಅದನ್ನೇ ಒಂದು ಕೊಂಡುಹೋಗಬಾರದೇ?” ಎಂದೆ.

“ತಮಟೆ ಯಾವುದು ಅನ್ನೋದು ದೊಡ್ಡದಲ್ಲ ಸಾರ್. ಬಾರಿಸೋಕೆ ನನಗೆ ನಾಚ್ಕೆ ಇಲ್ಲ. ಕರೆಯೋ ರೀತಿಗೆ ನಾಚ್ಕೆ. ವಾಲಗದೋರಿಗೆ ತಟ್ಟೇಲಿ ವೀಳ್ಯ ಇಟ್ಟು, ಮುಂಗಡ ಕೊಟ್ಟು ಕರೀತಾರೆ. ನಮ್ಮಪ್ಪನಿಗೆ ಕೇರಿ ತುದೀಲಿ ನಿಂತ್ಕೊಂಡು, ‘ನಾಳಿಕೆ ಬನ್ರೋ’ ಅಂತ ಕೂಗ್ತಾರೆ. ನಮ್ಮಪ್ಪ, ‘ಆಗಲಿ ಬುದ್ಧಿ’ ಅಂತಾರೆ.”

ನನಗೆ ಉತ್ತರ ತೋಚಲಿಲ್ಲ. ಇದು ಒಂದು ಊರಿನ ಮಾತಲ್ಲ. ಶವದ ಮುಂದೆ, ದೇವರ ಮುಂದೆ ತಮಟೆ ಬಾರಿಸುವುದು ದಲಿತರ ಪಾಲಿಗೆ ಬಿಟ್ಟಿ ಚಾಕರಿಯಾಗಿ ಅಂಟಿಕೊಂಡು ಬಂದದ್ದು ನಾಡಿನ ಉದ್ದಗಲದ ಕಥೆ. ಆದ್ದರಿಂದಲೇ 1970ರ ದಶಕದಲ್ಲಿ ದಲಿತ ಚಳುವಳಿ ಬೆಳೆದಾಗ, ತಮಟೆಯನ್ನು ಕೆಳಗಿಡಬೇಕೆಂದವರೂ ಇದ್ದರು, ಅದೇ ತಮಟೆಯನ್ನು ಹೋರಾಟದ ಮುಂದೆ ಹಿಡಿದವರೂ ಇದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ವಾದ್ಯಕ್ಕೆ ರಾಷ್ಟ್ರದ ಗೌರವ ಸಂದಿತು. ಆದರೆ ಆ ಗೌರವ ದೆಹಲಿಯಿಂದ ಕೇರಿಯ ತುದಿಯವರೆಗೆ ನಡೆದುಬರುವುದಕ್ಕೆ ಇನ್ನೂ ಎಷ್ಟು ದಿನ ಬೇಕೋ!

“ಹಾಗಾದರೆ ಏನು ಮಾಡುವೆ?” ಎಂದೆ.

“ವೀಳ್ಯ ಕೊಟ್ಟು ಕರೆದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲ ಅಂತ ಹೇಳಿಕಳಿಸಿದೀನಿ. ಅಪ್ಪನಿಗೆ ಕೋಪ ಬಂದೈತೆ. ‘ನೀನು ಮೈಸೂರಲ್ಲಿರ್ತೀಯ, ನಾನು ಇಲ್ಲಿ ಬಾಳಬೇಕು’ ಅಂದ್ರು.”

ತಂದೆಯ ಮಾತೂ ಸುಳ್ಳಲ್ಲ. ಒಂದು ತಟ್ಟೆ, ಎರಡೆಲೆ, ಒಂದಡಿಕೆ. ಇಷ್ಟಕ್ಕಾಗಿ ತಂದೆ ಮಕ್ಕಳ ನಡುವೆ ಬಿರುಕೇ ಎಂದು ನಾವು ಕೇಳಬಹುದು. ನಮಗೆ ಯಾರೂ ವೀಳ್ಯ ಕೊಡದೆ ಉಳಿದಿಲ್ಲವಾದ್ದರಿಂದ ನಾವು ಹಾಗೆ ಕೇಳುತ್ತೇವೆ.

* * *

ನಾಲ್ಕು ದಿನ ಹುಡುಗ ಅಂಗಡಿಯಲ್ಲಿ ಕಾಣಲಿಲ್ಲ. ಐದನೆಯ ದಿನ ಮೊಮ್ಮಗಳ ಮೃದಂಗದ ಬಾರು ಸಡಿಲವಾಗಿದೆಯೆಂಬ ನೆಪ ಮಾಡಿಕೊಂಡು ಹೋದೆ. ಫಲಕದ ಕೆಳಗೆ ನಿಂತಿದ್ದ.

“ವೀಳ್ಯ ಬಂತೇ?”

“ಬಂತು ಸಾರ್. ದೊಡ್ಡೋರು ಬರಲಿಲ್ಲ. ನನ್ ಜೊತೆ ಹೈಸ್ಕೂಲಲ್ಲಿ ಓದಿದ್ ಹುಡುಗ ಒಬ್ಬ, ಅವನಾಗವನೇ ತಟ್ಟೆ ಹಿಡ್ಕೊಂಡು ನಮ್ಮನೆ ಬಾಗಿಲಿಗೆ ಬಂದ. ಬರೋದಕ್ಕೆ ಮುಂಚೆ ಅವರ ಮನೇಲಿ ಜಗಳ ಆಗಿತ್ತಂತೆ.”

“ನೀನು ಬಾರಿಸಿದೆಯೋ?”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಮೃದಂಗದ ಬಾರನ್ನು ಎಳೆದು ಬಿಗಿಯುತ್ತಲೇ ಹೇಳಿದ:

“ವೀಳ್ಯ ಅಪ್ಪನ ಕೈಗೆ ಕೊಡಿಸಿದೆ. ತಟ್ಟೆ ಇಸ್ಕೊಳ್ಳುವಾಗ ಅವರ ಕೈ ನಡುಗ್ತು. ‘ತೋಳು ನೋವು ಹೋಯ್ತು, ನಾನೇ ಬಾರಿಸ್ತೀನಿ’ ಅಂದ್ರು. ರಾತ್ರಿಯೆಲ್ಲ ಬಾರಿಸಿದ್ರು. ನಾನು ಹುಲ್ಲು ಒಟ್ಟಿ ಬೆಂಕಿ ಹಾಕಿ ತಮಟೆ ಕಾಯಿಸಿ ಕೊಡ್ತಿದ್ದೆ. ಪ್ಲಾಸ್ಟಿಕ್ಕಿಂದು ತಗೊಂಡು ಹೋಗದೇ ಇದ್ದದ್ದೇ ಒಳ್ಳೇದಾಯ್ತು ಸಾರ್. ಬೆಂಕಿ ಇದ್ದದ್ದಕ್ಕೆ ಆ ಹುಡುಗನೂ ಚಳಿ ಕಾಯಿಸ್ಕೊಳ್ಳೋಕೆ ಬಂದು ನಮ್ ಜೊತೆ ಕೂತ್ಕೊಂಡ.”

ಬಾರು ಬಿಗಿದಾಗಿತ್ತು. ಎಷ್ಟು ಕೊಡಬೇಕು ಎಂದೆ. ಇದಕ್ಕೇನು ಸಾರ್ ಎಂದ. ನಾನು ಒತ್ತಾಯ ಮಾಡಿ ಕೂಲಿಯನ್ನು ಕೊಟ್ಟು ಮನೆಗೆ ಬಂದೆ.

ವಿಜಯದಶಮಿಯಂದು ಮೊಮ್ಮಗಳಿಗೆ ಪಾಠ ಆರಂಭವಾಗುವುದಿದೆ. ಗುರುಗಳಿಗೆ ಕೊಡಲು ಅವಳ ಅಜ್ಜಿ ತಟ್ಟೆಯಲ್ಲಿ ಎಲೆಯಡಿಕೆ, ತೆಂಗಿನಕಾಯಿ, ದಕ್ಷಿಣೆಯನ್ನು ಅಣಿಮಾಡಿಡುತ್ತಿದ್ದಾಗ ನಾನು, “ಇನ್ನೊಂದು ತಟ್ಟೆ ಇಡು” ಎಂದೆ. ಯಾರಿಗೆ ಎಂದು ಅವಳು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮಗು, “ಹರವೆ ಅಣ್ಣನಿಗೆ” ಎಂದಿತು. ಹುಬ್ಬೇರಿಸಿದ್ದ ನೆರೆಮನೆಯ ಹಿರಿಯರು ಆ ಹೊತ್ತಿನಲ್ಲಿ ನಮ್ಮ ಜಗಲಿಯ ಮೇಲೆಯೇ ಇದ್ದರು. ಅವರು ಏನೂ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.

ವಾಚಕರ ಮನೆಯಲ್ಲಿ ಮೃದಂಗವೋ ತಬಲವೋ ಇದ್ದರೆ ಒಮ್ಮೆ ಅದರ ಕರಣೆಯ ಮೇಲೆ ಬೆರಳಾಡಿಸಿ ನೋಡಿ. ಅಷ್ಟು ನುಣುಪು ತಾನಾಗಿ ಬಂದದ್ದಲ್ಲ.