ಓದದೆ ಹಾಕಿದ ಸೊನ್ನೆ



ಹಳೆಯ ಲ್ಯಾಪ್‌ಟಾಪ್ ಚಾಲೂ ಆಗುತ್ತಿಲ್ಲವೆಂದು ಮನೆಯ ಹಿರಿಯರು ಹೇಳಿದೊಡನೆ ನಿಮ್ಮಲ್ಲಿ ಅನೇಕರು ನೀಡುವ ಉತ್ತರ ಒಂದೇ: “ಏಳು ವರ್ಷ ಆಯ್ತಲ್ಲ, ಅದರ ಸಹವಾಸ ಬಿಡಿ, ಹೊಸದು ತಗೊಳ್ಳಿ.” ಅಂಗಡಿಯವರ ಉತ್ತರವೂ ಇದೇ, ಅವರು “ಮದರ್‌ಬೋರ್ಡ್ ಹೋಗಿದೆ” ಎಂಬ ಮಂತ್ರವೊಂದನ್ನು ಸೇರಿಸುತ್ತಾರೆ, ಅಷ್ಟೇ. ಪರೀಕ್ಷಿಸದೆ ಕೊಡುವ ಈ ತೀರ್ಪನ್ನು ನಾನು ಒಪ್ಪಲಾರೆ. ಉತ್ತರಪತ್ರಿಕೆಯನ್ನು ಬಿಡಿಸಿಯೂ ನೋಡದೆ ಸೊನ್ನೆ ಹಾಕುವ ಮೇಷ್ಟರನ್ನು ನೀವು ಕ್ಷಮಿಸುತ್ತಿದ್ದಿರೇನು?

ಗೋಡೆಯ ಸಾಕೆಟ್ಟಿನಿಂದ ಹೊರಟ ವಿದ್ಯುತ್ತು ಅಡಾಪ್ಟರ್, ಅದರ ತಂತಿ, ಲ್ಯಾಪ್‌ಟಾಪಿನ ಚಾರ್ಜಿಂಗ್ ಜ್ಯಾಕ್ ಇಷ್ಟನ್ನು ದಾಟಿದ ಮೇಲೆಯೇ ಮದರ್‌ಬೋರ್ಡನ್ನೂ ಬ್ಯಾಟರಿಯನ್ನೂ ಮುಟ್ಟುತ್ತದೆ. ದೋಷ ಹುಡುಕುವುದೆಂದರೆ ಈ ದಾರಿಯನ್ನು ಮೊದಲಿನಿಂದ ನಡೆದು ನೋಡುವುದು. ಸಾಕೆಟ್ಟಿಗೆ ಬೇರೊಂದು ಉಪಕರಣ ಸಿಕ್ಕಿಸಿ ನೋಡಿ. ಹಳೆಯ ಅಡಾಪ್ಟರುಗಳ ಮೇಲೆ ಸಾಮಾನ್ಯವಾಗಿ 19 ಅಥವಾ 19.5 ವೋಲ್ಟ್ ಎಂದು ಮುದ್ರಿತವಾಗಿರುತ್ತದೆ. ಮಲ್ಟಿಮೀಟರ್ ಹಿಡಿದರೆ ಅದಕ್ಕೆ ಹತ್ತಿರದ ಅಂಕಿ ಬರಬೇಕು. ತಂತಿಯು ಮಡಚಿ ಮಡಚಿ ತುದಿಗಳ ಬಳಿ ಒಳಗೇ ತುಂಡಾಗುವುದುಂಟು. ಪಿನ್ನನ್ನು ಅಲುಗಿಸಿದಾಗ ಚಾರ್ಜಿಂಗ್ ದೀಪ ಹೊತ್ತಿ ಆರಿದರೆ ತಂತಿಯೋ ಜ್ಯಾಕೋ ಸಡಿಲವಾಗಿದೆಯೆಂದು ತಿಳಿಯಿರಿ. ಬ್ಯಾಟರಿಯನ್ನು ಕಳಚಬಹುದಾದ ಮಾದರಿಯಾದರೆ ಅದನ್ನು ತೆಗೆದಿಟ್ಟು ಅಡಾಪ್ಟರಿನಿಂದಲೇ ನಡೆಸಿ. ನಡೆದರೆ ಸಂಶಯವೆಲ್ಲ ಬ್ಯಾಟರಿಯ ಕಡೆಗೆ ತಿರುಗುತ್ತದೆ. ಅಡಾಪ್ಟರ್, ಬ್ಯಾಟರಿ ಎರಡನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಜೋಡಿಸಿದಾಗ ಎದ್ದು ಕೂರುವ ಯಂತ್ರಗಳೂ ಇವೆ. ಬಿಸಿಯಾಗಿ ತಟ್ಟನೆ ಆರಿಹೋಗುತ್ತಿದ್ದರೆ ಫ್ಯಾನಿನ ಧೂಳನ್ನು ಮೊದಲು ನೋಡಬೇಕು.

ಬ್ಯಾಟರಿಗೆ ವಯಸ್ಸಾಗುವುದು ಸಹಜ. 300ರಿಂದ 500 ಸಲ ಪೂರ್ತಿ ಚಾರ್ಜಾಗಿ ಖಾಲಿಯಾದ ಮೇಲೆ ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿಯ ಸಾಮರ್ಥ್ಯ ಶೇಕಡಾ 80ರ ಆಸುಪಾಸಿಗೆ ಇಳಿಯುತ್ತದೆ. ವಿಂಡೋಸ್ 8ರ ನಂತರದ ಆವೃತ್ತಿಗಳಲ್ಲಿರುವ ಬ್ಯಾಟರಿ ರಿಪೋರ್ಟ್, ಹೊಸತಿದ್ದಾಗಿನ ಸಾಮರ್ಥ್ಯವನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಅದುವೇ ಬ್ಯಾಟರಿಯ ಅಂಕಪಟ್ಟಿ. ಅದರಲ್ಲಿ ಬ್ಯಾಟರಿ ಅನುತ್ತೀರ್ಣವಾದರೆ ಬ್ಯಾಟರಿಯನ್ನು ಬದಲಿಸಿ. ಒಂದು ವಿಷಯದಲ್ಲಿ ನಪಾಸಾದ ಹುಡುಗನನ್ನು ಶಾಲೆಯಿಂದಲೇ ಹೊರಗಟ್ಟುವ ಕ್ರಮ ನಮ್ಮಲ್ಲಿರಲಿಲ್ಲ.

ಎಲ್ಲವನ್ನೂ ರಿಪೇರಿ ಮಾಡಲೇಬೇಕೆಂಬ ಹಟ ನನಗಿಲ್ಲ. ಬ್ಯಾಟರಿ ಉಬ್ಬಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಬೇಕು. ಒತ್ತುವುದು, ಚುಚ್ಚುವುದು ಬೆಂಕಿಗೆ ಆಹ್ವಾನ. ಮದರ್‌ಬೋರ್ಡ್ ನಿಜವಾಗಿಯೂ ಸುಟ್ಟಿದ್ದು, ಖರ್ಚು ಯಂತ್ರದ ಬೆಲೆಯನ್ನೇ ಮುಟ್ಟುವಂತಿದ್ದರೆ ಹೊಸದನ್ನೇ ಕೊಳ್ಳಿ. ಆದರೆ ಆ ತೀರ್ಮಾನ ಪರೀಕ್ಷೆಯ ಕೊನೆಗೆ ಬರಬೇಕು. ಪಿಂಚಣಿಯಲ್ಲಿ ಬದುಕುವವರಿಗೆ ಒಂದು ಲ್ಯಾಪ್‌ಟಾಪಿನ ಬೆಲೆ ಸಣ್ಣದಲ್ಲ. ಹಣ ನೀವು ಕಳುಹಿಸಬಲ್ಲಿರಿ, ನಿಜ. ಹಳೆಯ ಯಂತ್ರದಲ್ಲಿ ಉಳಿದ ಪತ್ರಗಳನ್ನೂ ಮೊಮ್ಮಕ್ಕಳ ಚಿತ್ರಗಳನ್ನೂ ಹೊಸದಕ್ಕೆ ಸಾಗಿಸಿಕೊಡಲು ಊರಿನಲ್ಲಿ ಯಾರಿದ್ದಾರೆ?

ನಿಮ್ಮಲ್ಲಿ ಎಂಜಿನಿಯರುಗಳಾದವರಿಗೆ ಇನ್ನೊಂದು ಮಾತು. ಹಿಂದೆ ಅಡಿಭಾಗದ ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಈಗ ಅದನ್ನು ಸ್ಕ್ರೂಗಳ ಹಿಂದೆ, ಕೆಲವೆಡೆ ಅಂಟಿನಡಿಯಲ್ಲಿ, ಹುದುಗಿಸುತ್ತಾರೆ. ತೆಳುವಾಗಿರಬೇಕು ಎಂಬುದು ಅವರ ಸಮಜಾಯಿಷಿ. ಐರೋಪ್ಯ ಒಕ್ಕೂಟವು ಈ ಸಮಜಾಯಿಷಿಗೆ ತಲೆಬಾಗಲಿಲ್ಲ: ಸಾಧನದೊಳಗಿನ ಸಣ್ಣ ಬ್ಯಾಟರಿಯನ್ನು ಬಳಕೆದಾರನೇ ಸುಲಭವಾಗಿ ತೆಗೆದು ಬದಲಿಸುವಂತಿರಬೇಕೆಂಬ ನಿಯಮವನ್ನು, ಕೆಲವು ವಿನಾಯಿತಿಗಳೊಂದಿಗೆ, 2027ರ ಫೆಬ್ರವರಿ 18ರಿಂದ ಅನ್ವಯವಾಗುವಂತೆ 2023ರಲ್ಲೇ ಮಾಡಿತು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ರಚಿಸಿತು, ಪೋರ್ಟಲ್ಲನ್ನೂ ತೆರೆಯಿತು. ಅಷ್ಟಕ್ಕೇ ತೃಪ್ತರಾಗುವುದು ಸಲ್ಲದು. ಯಂತ್ರವನ್ನು ರೂಪಿಸುವ ಮೇಜಿನ ಮುಂದೆ ಕುಳಿತವರು ನೀವು. ಆ ಚಿಲಕಕ್ಕಾಗಿ ವಾದಿಸಬೇಕಾದವರೂ ನೀವೇ.

ಗ್ರಾಹಕರಾದವರು ಅಂಗಡಿಯವನನ್ನು ಎರಡೇ ಪ್ರಶ್ನೆ ಕೇಳಿ: ಯಾವ ಭಾಗ ಕೆಟ್ಟಿದೆ? ಅದು ನಿಮಗೆ ಹೇಗೆ ಗೊತ್ತಾಯಿತು? ಎರಡಕ್ಕೂ ಉತ್ತರವನ್ನು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಪಕ್ಕದ ಅಂಗಡಿಗೆ ನಡೆಯಿರಿ.