ಲೊರೇನ್: ನೆಲದೊಳಗಿನ ಸಿರಿ, ನೆಲದ ಮೇಲಿನ ಗೆರೆ

ಫ್ರಾನ್ಸಿನ ಈಶಾನ್ಯ ಮೂಲೆಯ ಲೊರೇನ್, 2016ರ ಜನವರಿ 1ರಂದು ಆಡಳಿತದ ಭೂಪಟದಿಂದ ಮರೆಯಾಯಿತು. ಅಲ್ಸೇಸ್ ಮತ್ತು ಶಾಂಪೇನ್–ಆರ್ಡೆನ್ ಜತೆ ಸೇರಿಸಿ ‘ಗ್ರಾಂದ್ ಎಸ್ಟ್’ ಎಂಬ ದೊಡ್ಡ ಪ್ರಾಂತ್ಯ ಮಾಡಿದರು. ಅಲ್ಸೇಸಿನವರು ಬೀದಿಗಿಳಿದರು. ಲೊರೇನಿನಲ್ಲಿ ಅಷ್ಟು ಗದ್ದಲವಾಗಲಿಲ್ಲ. ತನ್ನ ಹಣೆಬರಹವನ್ನು ಬೇರೆಲ್ಲೋ ಕೂತವರು ಬರೆಯುವುದು ಆ ನಾಡಿಗೆ ಹೊಸತಲ್ಲ.

843ರಲ್ಲಿ ವರ್ಡನ್ ಒಪ್ಪಂದದಂತೆ ಶಾರ್ಲ್‌ಮೇನನ ಮೊಮ್ಮಕ್ಕಳು ಸಾಮ್ರಾಜ್ಯ ಹಂಚಿಕೊಂಡಾಗ ನಡುವಿನ ಪಟ್ಟಿ ಲೋಥಾರನ ಪಾಲಿಗೆ ಬಂತು. ಅದೇ ಹೆಸರಿನ ಅವನ ಮಗನಿಂದ ಆ ಹೆಸರು ನಾಡಿಗೂ ಉಳಿಯಿತು. ಹದಿನೆಂಟನೆಯ ಶತಮಾನದಲ್ಲಿ ಹದಿನೈದನೆಯ ಲೂಯಿ, ಪೋಲೆಂಡಿನ ಪಟ್ಟ ಕಳೆದುಕೊಂಡ ಮಾವ ಸ್ಟಾನಿಸ್ಲಾಸನನ್ನು ಇಲ್ಲಿಗೆ ತಂದು ಕೂರಿಸಿದ. ಮಾವನನ್ನು ಎಲ್ಲಾದರೂ ಕೂರಿಸಲೇಬೇಕಿತ್ತಲ್ಲ! ಆತ ನಾನ್ಸಿ ನಗರದಲ್ಲಿ ಚೆಂದದ ಚೌಕ ಕಟ್ಟಿಸಿದ, 1766ರಲ್ಲಿ ತೀರಿಕೊಂಡ, ಲೊರೇನ್ ಫ್ರಾನ್ಸಿಗೆ ಸೇರಿತು.

ನಿಜವಾದ ಕಥೆ ಕಬ್ಬಿಣದ್ದು. ಇಲ್ಲಿನ ‘ಮಿನೆಟ್’ ಅದಿರಿನಲ್ಲಿ ಕಬ್ಬಿಣ ಸುಮಾರು ಶೇ 30 ಮಾತ್ರ, ಜತೆಗೆ ರಂಜಕದ ಕಾಟ. ಅದರಿಂದಾದ ಉಕ್ಕು ಪೆಡಸಾಗಿ ಒಡೆಯುತ್ತಿತ್ತು. 1871ರಲ್ಲಿ ಯುದ್ಧ ಗೆದ್ದ ಜರ್ಮನಿ ಮೆಟ್ಜ್ ಸುತ್ತಲಿನ ಮೊಸೆಲ್ ಭಾಗವನ್ನು ಕಿತ್ತುಕೊಂಡಾಗ ಬ್ರಿಯೆ ಕಡೆಯ ಆಳದ ನಿಕ್ಷೇಪಗಳು ಫ್ರಾನ್ಸಿನಲ್ಲೇ ಉಳಿದವು. ಕೆಲವೇ ವರ್ಷಗಳಲ್ಲಿ, ಲಂಡನ್ನಿನ ಪೊಲೀಸ್ ಕೋರ್ಟಿನ ಗುಮಾಸ್ತನಾಗಿದ್ದ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್, ಸೋದರ ಸಂಬಂಧಿಯೊಡನೆ ರಂಜಕ ತೆಗೆಯುವ ವಿಧಾನ ಕಂಡುಹಿಡಿದ. ಬೇಡವಾಗಿದ್ದ ಕಲ್ಲಿಗೆ ಬೆಲೆ ಬಂತು. ಗಡಿಯ ಎರಡೂ ಬದಿ ಕುಲುಮೆಗಳೆದ್ದವು. ಇಟಲಿ, ಪೋಲೆಂಡಿನಿಂದ ಕೂಲಿಗಳು ಬಂದರು.

ಗೆರೆ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. 1870ರಲ್ಲಿ ಮೆಟ್ಜ್‌ನಲ್ಲಿ ಹುಟ್ಟಿ ಎಪ್ಪತ್ತೈದು ವರ್ಷ ಬಾಳಿದವರು ಊರು ಬಿಡದೆಯೇ ನಾಲ್ಕು ಸಲ ದೇಶ ಬದಲಿಸಿದರು. ಫ್ರಾನ್ಸಿನಲ್ಲಿ ಧರ್ಮವನ್ನು ಸರ್ಕಾರದಿಂದ ಬೇರ್ಪಡಿಸಿದ 1905ರ ಕಾನೂನು ಬಂದಾಗ ಮೊಸೆಲ್ ಜರ್ಮನಿಯಲ್ಲಿತ್ತು. ಹಾಗಾಗಿ ಇಂದಿಗೂ ಅಲ್ಲಿನ ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡುತ್ತದೆ. 1916ರ ವರ್ಡನ್ ಕದನದಲ್ಲಿ ನಾಶವಾದ ಕೆಲವು ಹಳ್ಳಿಗಳಲ್ಲಿ ಒಬ್ಬ ನಿವಾಸಿಯೂ ಇಲ್ಲ. ಆದರೂ ಅವಕ್ಕೆ ಮೇಯರ್ ಇದ್ದಾರೆ.

ಯುದ್ಧ ಸಾಕೆಂದ ರಾಬರ್ಟ್ ಶುಮನ್, ಮೊಸೆಲ್‌ನ ಸಂಸದ, 1950ರ ಮೇ 9ರಂದು ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು–ಉಕ್ಕನ್ನು ಜಂಟಿ ಆಡಳಿತಕ್ಕೆ ಒಪ್ಪಿಸುವ ಪ್ರಸ್ತಾವವಿಟ್ಟರು. ಇಂದಿನ ಐರೋಪ್ಯ ಒಕ್ಕೂಟದ ಬೇರು ಅಲ್ಲಿದೆ. ಅದೇ ಉಕ್ಕು ಲೊರೇನನ್ನು ಕೈಬಿಟ್ಟಿತು. ಹಡಗಿನಲ್ಲಿ ಬರುವ ಶೇ 60ಕ್ಕೂ ಹೆಚ್ಚು ಸತ್ವದ ಅದಿರಿನ ಮುಂದೆ ಮಿನೆಟ್ ಸೋತಿತು. ಕಾರ್ಖಾನೆಗಳು ಕರಾವಳಿಯ ಡಂಕರ್ಕ್‌ನತ್ತ ಸರಿದವು. 1979ರಲ್ಲಿ ಲೊಂಗ್ವಿಯ ಕಾರ್ಮಿಕರು ಕಾನೂನು ಮೀರಿ ತಮ್ಮದೇ ರೇಡಿಯೊ ನಡೆಸಿ ಹೋರಾಡಿದರು. ಪರಿಹಾರವೆಂದು ಬಂದದ್ದು ಉಕ್ಕಿನ ಜಾಗದಲ್ಲಿ ನೀಲಿ ಸ್ಮರ್ಫ್ ಬೊಂಬೆಗಳ ಮನರಂಜನಾ ಪಾರ್ಕು, ಸಬ್ಸಿಡಿ ಪಡೆದು ಕೆಲ ವರ್ಷಗಳಲ್ಲೇ ಬಾಗಿಲು ಹಾಕಿದ ಡೇವೂ ಕಾರ್ಖಾನೆಗಳು. ಇದನ್ನು ಯೋಜನೆ ಎನ್ನಲು ಮನಸ್ಸು ಬರುವುದಿಲ್ಲ. ಕೊನೆಯ ಕಬ್ಬಿಣದ ಗಣಿ 1997ರಲ್ಲಿ, ಕಲ್ಲಿದ್ದಲ ಗಣಿ 2004ರಲ್ಲಿ ಮುಚ್ಚಿದವು. ಲಕ್ಷ್ಮಿ ಮಿತ್ತಲ್ ನೇತೃತ್ವದ ಉಕ್ಕಿನ ಕಂಪನಿ ಫ್ಲೊರಾಂಜ್‌ನ ಕುಲುಮೆಗಳನ್ನು 2011ರಲ್ಲಿ ಆರಿಸಿತು. ಅಧ್ಯಕ್ಷರು, ಮಂತ್ರಿಗಳು ಕೊಟ್ಟ ಭರವಸೆಗಳಿಂದ ಅವು ಮತ್ತೆ ಉರಿಯಲಿಲ್ಲ.

ಈಗ ಫ್ರಾನ್ಸಿನ ಈ ಭಾಗದಿಂದ ಲಕ್ಷಕ್ಕೂ ಹೆಚ್ಚು ಜನ ನಿತ್ಯ ಲಕ್ಸೆಂಬರ್ಗಿಗೆ ದುಡಿಯಲು ಹೋಗುತ್ತಾರೆ. ಗಡಿಯೇ ಅನ್ನದ ದಾರಿ. ಆದರೆ ಅವರ ಆದಾಯ ತೆರಿಗೆ ಸಲ್ಲುವುದು ಲಕ್ಸೆಂಬರ್ಗಿಗೆ. ಶಾಲೆ, ಚರಂಡಿ, ಶಿಶುಪಾಲನಾ ಕೇಂದ್ರಗಳ ಖರ್ಚು ಈಚೆಯ ಪುರಸಭೆಗಳ ತಲೆಗೆ. ಲಕ್ಸೆಂಬರ್ಗ್ ರೈಲುಮಾರ್ಗಕ್ಕೆ ಹಣ ಹಾಕುತ್ತದೆ. ಮೆಟ್ಜ್ ಭಾಗದ ಜನಪ್ರತಿನಿಧಿಗಳು ಕೇಳುವ ತೆರಿಗೆಯ ಪಾಲಿಗೆ ಮಾತ್ರ ಒಪ್ಪುತ್ತಿಲ್ಲ. ಕೇಳಿಕೆ ನ್ಯಾಯವಾದದ್ದೇ, ಅದನ್ನು ಗಟ್ಟಿಯಾಗಿ ಮಂಡಿಸಬೇಕಾದುದು ಪ್ಯಾರಿಸ್.