ಸೋತವರು ಆ ಹನ್ನೊಂದು ಮಂದಿಯೇ?

2025ರ ಅಕ್ಟೋಬರ್ 14ರಂದು ಗೋವೆಯ ಮಡಗಾಂವಿನಲ್ಲಿ ಭಾರತದ ಫುಟ್‌ಬಾಲ್ ತಂಡವು ಸಿಂಗಪುರದ ಎದುರು 1-2 ಗೋಲುಗಳಿಂದ ಸೋತಿತು. ಅದರೊಡನೆ 2027ರ ಏಷ್ಯಾ ಕಪ್ಪಿನ ಬಾಗಿಲು ನಮಗೆ ಮುಚ್ಚಿತು. ಮುಂದಿನ ತಿಂಗಳು 18ರಂದು ಢಾಕಾದಲ್ಲಿ ಬಾಂಗ್ಲಾದೇಶವೂ ನಮ್ಮವರನ್ನು 1-0ಯಿಂದ ಸೋಲಿಸಿತು. 22 ವರ್ಷಗಳಲ್ಲಿ ನಮ್ಮ ಮೇಲೆ ಅವರಿಗೆ ದೊರೆತ ಮೊದಲ ಗೆಲವು ಅದು. ಆ ತಿಂಗಳ ವಿಶ್ವಪಟ್ಟಿಯಲ್ಲಿ ಭಾರತಕ್ಕೆ ಸಿಕ್ಕಿದ ಸ್ಥಾನ 142.

ಆ ದಿನಗಳಲ್ಲಿ ಹೋಟೆಲಿನ ಮೇಜುಗಳಲ್ಲಿ ನಡೆದ ಚರ್ಚೆಯನ್ನು ನಾವೂ ಕೇಳಿದ್ದೇವೆ. ಚಹಾ ತಂದಿಡುವವನಿಗೂ ಕಿವಿಯಿರುತ್ತದಷ್ಟೆ! "ನೂರನಲ್ವತ್ತು ಕೋಟಿ ಜನರ ದೇಶದಲ್ಲಿ ಚೆಂಡೊದೆಯುವ ಹನ್ನೊಂದು ಮಂದಿ ಸಿಗುವುದಿಲ್ಲವೇ?" ಎಂದು ಒಬ್ಬರು. "ನಮ್ಮವರ ಮೈಕಟ್ಟಿಗೆ ಆ ಆಟ ಹೇಳಿದ್ದಲ್ಲ" ಎಂದು ಇನ್ನೊಬ್ಬರು. "ಆಟಗಾರರಿಗೆ ಹಣ ಹೆಚ್ಚಾಯಿತು, ಮಾನ ಕಡಿಮೆಯಾಯಿತು" ಎಂದು ಮೂರನೆಯವರು. ಮೂವರೂ ಬೈದದ್ದು ಆ ಹನ್ನೊಂದು ಮಂದಿಯನ್ನೇ.

ಈ ನ್ಯಾಯ ನಮಗೆ ಹೊಸದಲ್ಲ. ಸಾಂಬಾರು ಕೆಟ್ಟಿದ್ದರೆ ಗಿರಾಕಿ ಬೈಯುವುದು ತಂದಿಟ್ಟ ಮಾಣಿಯನ್ನು. ಹುಳುಕು ಬೇಳೆ ಕೊಂಡವರಾರು, ಇಬ್ಬರ ಕೆಲಸವನ್ನು ಒಬ್ಬ ಭಟ್ಟರ ಮೇಲೆ ಹೇರಿದವರಾರು ಎಂದು ಅವನು ಕೇಳುವುದಿಲ್ಲ. ಒಳಗಿನದು ಅವನಿಗೆ ಕಾಣುವುದೂ ಇಲ್ಲ. ಒಳಗೆ ದುಡಿದು ಬಂದ ನಾವಾದರೂ ಆ ಪ್ರಶ್ನೆಯನ್ನು ಕೇಳಬೇಕು. ಅದಕ್ಕಾಗಿ ಈ ತಂಡದ ಹಳೆಯ ಲೆಕ್ಕದ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡೋಣ.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ, ಫ್ರಾನ್ಸಿಗೆ 1-2ರಿಂದ ಸೋತರು. ಅದೂ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು. ನಮ್ಮ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹಮದ್ ಖಾನರೂ ಆ ತಂಡದಲ್ಲಿದ್ದರು. 1951ರ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನು ಸೋಲಿಸಿ ಚಿನ್ನ. 1956ರಲ್ಲಿ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ. ಅಲ್ಲಿ ಆಸ್ಟ್ರೇಲಿಯದ ಮೇಲೆ ಬಂದ 4-2ರ ಗೆಲವಿನಲ್ಲಿ ಮುಂಬಯಿಯ ಆಟಗಾರ ನೆವಿಲ್ ಡಿಸೋಜರು ಮೂರು ಗೋಲು ಹೊಡೆದರು. 1960ರಲ್ಲಿ ರೋಮಿನಲ್ಲಿ ಫ್ರಾನ್ಸಿನೊಡನೆ 1-1 ಸಮ. 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಮಣಿಸಿ ಮತ್ತೆ ಚಿನ್ನ.

ಇದನ್ನು ಓದಿ ಎದೆಯುಬ್ಬುವುದು ಸಹಜ. ಆದರೆ ಲೆಕ್ಕ ಲೆಕ್ಕವೇ. ಮೆಲ್ಬರ್ನಿಗೆ ಬಂದಿದ್ದ ತಂಡಗಳು ಹನ್ನೊಂದೇ. ಮೊದಲ ಸುತ್ತಿನಲ್ಲಿ ಹಂಗೆರಿ ಆಡಲು ಬರಲಿಲ್ಲವಾದ್ದರಿಂದ ಒಂದೇ ಪಂದ್ಯ ಗೆದ್ದು ನಾವು ಉಪಾಂತ್ಯಕ್ಕೆ ಹೋದೆವು. ಅದಕ್ಕೂ ನಾಲ್ಕು ವರ್ಷ ಮೊದಲು ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ನಮ್ಮ ಮೇಲೆ ಹತ್ತು ಗೋಲು ಹೊಡೆದಿತ್ತು. ನಾವು ಜಗತ್ತನ್ನೇ ಆಳುತ್ತಿದ್ದೆವು ಎನ್ನುವುದು ಬರಿಯ ಮಾತು. ಏಷ್ಯದಲ್ಲಿ ಮೊದಲ ಸಾಲಿನಲ್ಲಿದ್ದೆವು ಎಂಬುದು ಮಾತ್ರ ನಿಜ, ಅಷ್ಟೇ ಸಾಕು.

ಆ ಸಾಲಿನಲ್ಲಿ ನಮ್ಮನ್ನು ನಿಲ್ಲಿಸಿದವರು ಯಾರು? ತರಬೇತುಗಾರ ಸಯ್ಯದ್ ಅಬ್ದುಲ್ ರಹೀಮರು ವೃತ್ತಿಯಿಂದ ಶಾಲೆಯ ಮೇಷ್ಟ್ರು. ಅವರು ಹೈದರಾಬಾದಿನ ಪೊಲೀಸರನ್ನು ಸೇರಿಸಿ ಕಟ್ಟಿದ ತಂಡ 1950ರಿಂದ 1954ರವರೆಗೆ ಸತತ ಐದು ಸಲ ನಮ್ಮ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡು ಹೋಯಿತು. ರೋಮಿನಲ್ಲಿ ನಾಯಕರಾಗಿದ್ದ ಪಿ. ಕೆ. ಬ್ಯಾನರ್ಜಿಯವರು ಪೂರ್ವ ರೈಲ್ವೆಯ ನೌಕರರು. ಕಲ್ಕತ್ತೆಯ ದೊಡ್ಡ ತಂಡಗಳಿಗೆ ಹೋಗದೆ ರೈಲ್ವೆ ತಂಡದಲ್ಲೇ ಆಡಿದರು. ಪೊಲೀಸರು, ರೈಲ್ವೆಯವರು, ಸೈನಿಕರು, ಕಾರ್ಖಾನೆಯವರು: ಇವರಿಗೆ ತಿಂಗಳ ಕೊನೆಗೆ ಪಗಾರವಿತ್ತು, ಆಡಲು ಮೈದಾನವಿತ್ತು, ಅಭ್ಯಾಸಕ್ಕೆ ರಜೆಯಿತ್ತು. ನಾಳೆಯ ಊಟದ ಚಿಂತೆಯಿಲ್ಲದವನು ಇಂದಿನ ಚೆಂಡನ್ನು ನೋಡಬಲ್ಲ. ರಹೀಮರಿಗೂ ಕೆಲಸ ಮಾಡಲು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಸಿಕ್ಕಿತು. 1963ರಲ್ಲಿ ಅವರು ತೀರಿಹೋದ ಮೇಲೆ ಭಾರತ ಮತ್ತೆಂದೂ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿಲ್ಲ. 1960ರ ಅನಂತರ ಒಲಿಂಪಿಕ್ಸಿಗೂ ಹೋಗಿಲ್ಲ.

ಈಗ ಜಪಾನಿನ ಕಡೆ ನೋಡೋಣ. 1956ರಲ್ಲಿ ನಾವು ಸೋಲಿಸಿದ ಆಸ್ಟ್ರೇಲಿಯವೇ ಮೊದಲ ಸುತ್ತಿನಲ್ಲಿ ಜಪಾನನ್ನು ಹೊರಗಟ್ಟಿತ್ತು. 1962ರಲ್ಲಿ ನಾವೇ ಜಪಾನನ್ನು 2-0ಯಿಂದ ಸೋಲಿಸಿದೆವು. ಅಂದು ಅವರು ನಮ್ಮ ಹಿಂದಿದ್ದರು. ಜರ್ಮನಿಯಿಂದ ಅವರು ಕರೆತಂದ ತರಬೇತುಗಾರ ಡೆಟ್‌ಮಾರ್ ಕ್ರಾಮರ್ ಒಂದು ಬುದ್ಧಿಮಾತು ಹೇಳಿದರು: ಅಲ್ಲೊಂದು ಇಲ್ಲೊಂದು ಕಪ್ ಪಂದ್ಯವಾಡಿದರೆ ಸಾಲದು, ವರ್ಷ ವರ್ಷವೂ ನಿಯಮಿತವಾಗಿ ನಡೆಯುವ ರಾಷ್ಟ್ರೀಯ ಲೀಗ್ ಬೇಕು. ಜಪಾನ್ ಅದನ್ನು ಕೇಳಿತು. 1965ರಲ್ಲಿ ಎಂಟು ತಂಡಗಳ ಲೀಗ್ ಆರಂಭವಾಯಿತು.

ಬಾಂಧವರೇ, ಆ ತಂಡಗಳು ಯಾರವು ಬಲ್ಲಿರಾ? ಯವಾಟಾ ಉಕ್ಕಿನ ಕಾರ್ಖಾನೆ, ಮಿತ್ಸುಬಿಷಿ, ಹಿಟಾಚಿ, ಫುರುಕಾವಾ, ಮೋಟಾರು ತಯಾರಿಸುವ ಟೋಯೊ ಕೊಗ್ಯೊ, ಇಂಥವುಗಳ ತಂಡಗಳು. ನಮ್ಮಲ್ಲಿದ್ದಂಥ ಕಂಪನಿ ತಂಡಗಳೇ. ಮೂರೇ ವರ್ಷಗಳಲ್ಲಿ, 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಜಪಾನಿಗೆ ಕಂಚು ಸಿಕ್ಕಿತು. 1993ರಲ್ಲಿ ಕಂಪನಿಯ ಹೆಸರು ತೆಗೆದು ಊರಿನ ಹೆಸರಿಡಬೇಕು, ಮಕ್ಕಳ ತಂಡ ಬೆಳೆಸಬೇಕು ಎಂಬ ಕಟ್ಟಳೆ ಮಾಡಿ ಹೊಸ ಲೀಗ್ ಕಟ್ಟಿದರು. 1998ರಿಂದ ಇಂದಿನವರೆಗೆ ಜಪಾನ್ ಒಂದು ವಿಶ್ವಕಪ್ಪನ್ನೂ ತಪ್ಪಿಸಿಕೊಂಡಿಲ್ಲ. 2022ರಲ್ಲಿ ಜರ್ಮನಿಯನ್ನೂ ಸ್ಪೇನನ್ನೂ ಸೋಲಿಸಿತು. ಮೈಕಟ್ಟಿನ ಮಾತಾಡುವವರು ಜಪಾನಿನವರ ಎತ್ತರವನ್ನು ಅಳೆದು ನೋಡಲಿ.

ನಮ್ಮ ರಾಷ್ಟ್ರೀಯ ಲೀಗ್ ಆರಂಭವಾದದ್ದು 1996ರಲ್ಲಿ, ಜಪಾನಿಗಿಂತ 31 ವರ್ಷ ತಡವಾಗಿ. ಅದರ ಮೊದಲ ಚಾಂಪಿಯನ್ ಯಾರು? ಒಂದು ಬಟ್ಟೆ ಗಿರಣಿಯ ತಂಡ! ಪಂಜಾಬಿನ ಫಗವಾಡಾದ ಜೆಸಿಟಿ ಮಿಲ್ಸ್. ಆ ತಂಡವನ್ನು 2011ರಲ್ಲಿ ಮುಚ್ಚಿದರು. 2006ರಲ್ಲಿ ರಾಷ್ಟ್ರೀಯ ಲೀಗನ್ನು ಗೆದ್ದ ನಮ್ಮ ಮುಂಬಯಿಯ ಮಹೀಂದ್ರ ಯುನೈಟೆಡ್ ತಂಡ ಅದಕ್ಕೂ ಮೊದಲೇ, 2010ರಲ್ಲಿ, ಮುಚ್ಚಿತ್ತು. ಬೆಂಗಳೂರಿನ ವಿಮಾನ ಕಾರ್ಖಾನೆಯ ಎಚ್‌ಎಎಲ್ ತಂಡ 2012ರಲ್ಲಿ ಮೇಲಿನ ಲೀಗಿನಿಂದ ಕೆಳಗಿಳಿಯಿತು. ಕಾರ್ಖಾನೆಯ ತಂಡದಿಂದ ಊರಿನ ತಂಡಕ್ಕೆ ಜಪಾನಿನವರು ಸೇತುವೆ ಕಟ್ಟಿದರು. ನಾವು ಹಳೆಯ ದೋಣಿಯನ್ನು ಮುಳುಗಿಸಿದೆವು, ಸೇತುವೆಯನ್ನು ಮಾತ್ರ ಕಟ್ಟಲಿಲ್ಲ.

ಸೇತುವೆಯೆಂದು 2014ರಲ್ಲಿ ತೋರಿಸಿದ್ದು ಇಂಡಿಯನ್ ಸೂಪರ್ ಲೀಗನ್ನು. ದೀಪ, ಸಂಗೀತ, ಸಿನಿಮಾ ತಾರೆಯರು ಎಲ್ಲ ಬಂದರು. ಹುಲ್ಲುಹಾಸು ಸುಧಾರಿಸಿತು, ಆಟಗಾರರ ಸಂಬಳವೂ ಏರಿತು, ಇದನ್ನು ಅಲ್ಲಗಳೆಯಲಾಗದು. ಆದರೆ ಆ ಸಂಬಳ ಎಷ್ಟು ಗಟ್ಟಿ? 2025ರ ಜುಲೈಯಲ್ಲಿ, ಲೀಗ್ ನಡೆಸುವ ಕಂಪನಿಗೂ ಫುಟ್‌ಬಾಲ್ ಫೆಡರೇಷನ್ನಿಗೂ ಇದ್ದ ಕರಾರು ಮುಗಿಯುತ್ತ ಬಂತೆಂದು ಲೀಗನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತಂಡ ತನ್ನ ಆಟಗಾರರ ಮತ್ತು ನೌಕರರ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. 2025ನೆಯ ಇಸವಿ ಮುಗಿದರೂ ಆ ವರ್ಷದ ಲೀಗ್ ಆರಂಭವಾಗಿರಲಿಲ್ಲ. ಸಿಂಗಪುರದ ಎದುರಿನ ಎರಡು ಪಂದ್ಯಗಳೂ ಬಂದದ್ದು ಲೀಗಿಲ್ಲದ ಈ ತಿಂಗಳುಗಳಲ್ಲೇ!

ಗಿರಣಿಯ ಬಾಗಿಲಿನಲ್ಲಿ ಬೀಗ ಕಂಡವರಿಗೆ, "ನಾಳೆಯಿಂದ ಬರಬೇಡ" ಎಂಬ ಮಾತನ್ನು ಗಲ್ಲೆಯ ಮುಂದೆ ನಿಂತು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಿಗೆ ಬೆಲೆಬಾಳುವ ಬೂಟು ಹಾಕಿದ್ದರೂ ಆಟಗಾರ ಈ ದಿನ ಬದಲಿ ಕಾಮಗಾರನೇ. ಕೆಲಸ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೇಲ್ವಿಚಾರಣೆಯ ಸ್ಥಿತಿಯೂ ಇದೇ. 2022ರ ಆಗಸ್ಟಿನಲ್ಲಿ ನಮ್ಮ ಫೆಡರೇಷನ್ನನ್ನು ವಿಶ್ವಸಂಸ್ಥೆ ಫಿಫಾ ಹನ್ನೊಂದು ದಿನ ಅಮಾನತು ಮಾಡಿತ್ತು. 2024ರ ಜೂನಿನಿಂದ 2025ರ ಆಗಸ್ಟಿನವರೆಗಿನ ಅವಧಿಯಲ್ಲಿ ರಾಷ್ಟ್ರೀಯ ತಂಡ ಮೂವರು ತರಬೇತುಗಾರರನ್ನು ಕಂಡಿತು. ನಡುವಿನವರು ಗೋವೆಯ ಒಂದು ಕ್ಲಬ್ಬಿಗೂ ದೇಶಕ್ಕೂ ಏಕಕಾಲದಲ್ಲಿ ತರಬೇತಿ ಕೊಡುತ್ತಿದ್ದರು; ದೇಶದ ತಂಡಕ್ಕೆ ಅರ್ಧ ಪಾಳಿಯ ಮೇಷ್ಟ್ರು! 94 ಗೋಲು ಹೊಡೆದು 2024ರ ಜೂನಿನಲ್ಲಿ ನಿವೃತ್ತರಾದ ಸುನಿಲ್ ಛೇತ್ರಿಯವರನ್ನು 2025ರ ಮಾರ್ಚಿನಲ್ಲಿ, 40ರ ವಯಸ್ಸಿನಲ್ಲಿ, ಮರಳಿ ಕರೆಯಬೇಕಾಯಿತು. ಹಳೆಯ ಭಟ್ಟರ ಕೈರುಚಿ ದೊಡ್ಡದೇ, ಅವರಿಗೆ ನಮ್ಮ ನಮಸ್ಕಾರ. ಆದರೆ ಒಲೆಯ ಬಳಿ ಹೊಸಬನೊಬ್ಬನನ್ನು ಇಷ್ಟು ವರ್ಷ ಏಕೆ ಪಳಗಿಸಲಿಲ್ಲ?

ಹುಡುಗರಲ್ಲಿ ಸತ್ತ್ವವಿಲ್ಲ ಎನ್ನುವವರಿಗೆ ಎರಡು ಸಂಗತಿ ನೆನಪಿಸುತ್ತೇವೆ. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇದೇ ಭಾರತ ತಂಡ ಕುವೈತನ್ನು ಸೋಲಿಸಿ ದಕ್ಷಿಣ ಏಷ್ಯದ ಕಪ್ ಗೆದ್ದಿತು. ಆ ತಿಂಗಳ ಪಟ್ಟಿಯಲ್ಲಿ 99ನೆಯ ಸ್ಥಾನದಲ್ಲಿತ್ತು. ಅದೇ ವರ್ಷ ಮಾರ್ಚಿನಲ್ಲಿ ಕರ್ನಾಟಕದ ಹುಡುಗರು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ನಾಡಿಗೆ ತಂದರು. ಎರಡೇ ವರ್ಷಗಳಲ್ಲಿ 99 ಇದ್ದದ್ದು 142 ಆಯಿತೆಂದರೆ, ಅಷ್ಟರಲ್ಲಿ ಹುಡುಗರ ರಕ್ತ ಬದಲಾಯಿತೇ?

"ಎಲ್ಲವನ್ನೂ ಕ್ರಿಕೆಟ್ ನುಂಗಿತು" ಎನ್ನುವವರೂ ಇದ್ದಾರೆ. ಜಪಾನಿನಲ್ಲಿ ಬೇಸ್‌ಬಾಲಿನ ಹುಚ್ಚು ನಮ್ಮ ಕ್ರಿಕೆಟ್ ಹುಚ್ಚಿಗೆ ಕಡಿಮೆಯದಲ್ಲ. ಒಂದು ಆಟ ಬೆಳೆದದ್ದಕ್ಕೆ ಇನ್ನೊಂದು ಸಾಯಬೇಕಾಗಿಲ್ಲ. ನಡೆಸುವವರಿಗೆ ಈ ನೆಪ ಅನುಕೂಲ, ಅದಕ್ಕೇ ಅದು ಸವೆಯದೆ ಉಳಿದಿದೆ.

"ಹೊಟ್ಟೆಪಾಡಿನ ನಮಗೆ ಈ ಫುಟ್‌ಬಾಲಿನ ಉಸಾಬರಿ ಏಕೆ?" ಎಂದು ನಮ್ಮವರೇ ಕೇಳಿದರೆ ಉತ್ತರವಿದೆ. ಈ ಆಟಕ್ಕೆ ಬೇಕಾದದ್ದು ಒಂದು ಚೆಂಡು, ಒಂದಿಷ್ಟು ಬಯಲು. ಬ್ಯಾಟು, ಪ್ಯಾಡು ಕೊಳ್ಳಲಾಗದ ಮಗನಿಗೂ ಇದು ದಕ್ಕಬೇಕಾದ ಆಟ. ಆದರೆ ಬಯಲೆಲ್ಲಿ? ಈಚೆಗೆ ನಮ್ಮ ಸಂಘದ ಹುಡುಗರು ಭಾನುವಾರದ ಎರಡು ತಾಸಿಗೆ ಒಂದು ಮೈದಾನವನ್ನು ಕೇಳಲು ಹೋದರು. ಅಲ್ಲಿ ಹೇಳಿದ ಬಾಡಿಗೆ ಹತ್ತು ಮಂದಿಯ ಒಂದು ದಿನದ ಪಗಾರವನ್ನು ನುಂಗುವಷ್ಟಿತ್ತು. ಮಾಣಿಯ ತಮ್ಮ, ಸಾಂಚೆ ನಡೆಸುವವನ ಮಗ ಚೆಂಡು ಮುಟ್ಟದೆಯೇ ಬೆಳೆದರೆ, ನೂರನಲ್ವತ್ತು ಕೋಟಿಯಿಂದ ಹನ್ನೊಂದು ಮಂದಿಯನ್ನು ಆರಿಸುತ್ತಿದ್ದೇವೆ ಎಂಬ ಮಾತೇ ಸುಳ್ಳು. ಆರಿಸುತ್ತಿರುವುದು ಮೈದಾನ ಸಿಕ್ಕಿದ ಕೆಲವರಿಂದ ಮಾತ್ರ.

ನಾವು ಕೇಳುವುದು ಮೂರು. ಲೀಗ್ ಯಾವ ತಿಂಗಳು ಆರಂಭ, ಯಾವ ತಿಂಗಳು ಮುಕ್ತಾಯ ಎಂಬುದು ವರ್ಷ ಮೊದಲೇ ನಿಶ್ಚಯವಾಗಲಿ. ಕಂಪನಿಗಳ ಕರಾರು ಮುಗಿದರೂ ಆಟ ನಿಲ್ಲದಿರಲಿ. ಆಟಗಾರನ ಸಂಬಳವನ್ನು ಬೇಕೆಂದಾಗ ನಿಲ್ಲಿಸಲಾಗದಂತೆ ಕಟ್ಟುನಿಟ್ಟಿನ ನಿಯಮವಾಗಲಿ, ಹೊರಗಿನವರಿಗೆ ಹೆಸರು ತಿಳಿಯದ ಸಣ್ಣ ತಂಡದ ಆಟಗಾರನಿಗೂ ಅದು ಅನ್ವಯಿಸಲಿ. ನಗರದ ಸಾರ್ವಜನಿಕ ಮೈದಾನಗಳಲ್ಲಿ ಕಾರ್ಮಿಕರ ಮಕ್ಕಳಿಗೆ ವಾರದಲ್ಲಿ ಕೆಲವು ತಾಸು ಬಾಡಿಗೆಯಿಲ್ಲದೆ ದೊರೆಯಲಿ. ಮೂರನೆಯದನ್ನು ನಾವು ಯಾರಿಗೂ ಕಾಯದೆ ಕೇಳಬಹುದು. ನಗರಸಭೆಗೆ ಕೊಡುವ ಅರ್ಜಿಯನ್ನು ಸಂಘದ ಕಚೇರಿಯಲ್ಲಿ ಇರಿಸಿದ್ದೇವೆ. ಮಧ್ಯಾಹ್ನದ ಬಿಡುವಿನಲ್ಲಿ ಬಂದು ರುಜು ಹಾಕಿರಿ. ಮಕ್ಕಳಿರುವವರು ಅವರನ್ನೂ ಕರೆತನ್ನಿ.

ಮುಂದಿನ ಸೋಲು ಬರಲಿದೆ. ಒಂದು ದಿನದಲ್ಲಿ ಏನೂ ಸುಧಾರಿಸದು. ಆಗ ಮೇಜಿನ ಸುತ್ತ ಮತ್ತೆ ಅದೇ ಬೈಗುಳ ಎದ್ದರೆ ನಾವು ಕೇಳಬೇಕಾದದ್ದು ಇಷ್ಟೆ: ಸ್ವಾಮಿ, ಆ ಹುಡುಗರು ಕೊನೆಯ ಲೀಗ್ ಪಂದ್ಯ ಆಡಿದ್ದು ಯಾವಾಗ? ಕೊನೆಯ ಪಗಾರ ಕಂಡದ್ದು ಯಾವಾಗ?